ಮಾಸ್ತರ ಧ್ವನಿಯಲ್ಲಿ ಸುತ್ತಿಸಿದ ಟ್ರಾನ್ಸ್‌ಫಾರ್ಮರ್

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ಬೈಯುವುದು ಬೇಡ: ಆ ಟ್ರಾನ್ಸ್‌ಫಾರ್ಮರ್ ಕೆಟ್ಟದ್ದು ನನ್ನ ನಾಲಿಗೆಯಿಂದ. ಕೈಯಿಂದ ಕೆಡಿಸುವವರು ನಮ್ಮ ಕ್ಲಾಸಿನಲ್ಲಿ ಬೇಕಾದಷ್ಟಿದ್ದರು. ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡವರು, ವೈರು ಅದಲು ಬದಲು ಮಾಡಿ ಇಡೀ ಲ್ಯಾಬನ್ನು ಕತ್ತಲೆಗೆ ತಳ್ಳಿದವರು. ಆದರೆ ಕೊಪ್ಪಳದಲ್ಲಿ ನಿಂತು, ಗಂಗಾವತಿಯಲ್ಲಿದ್ದ ಟ್ರಾನ್ಸ್‌ಫಾರ್ಮರನ್ನು ಮುಟ್ಟದೆ ಬರೀ ಮಾತಾಡಿ ಕೆಡಿಸಿದವನು ನಾನೊಬ್ಬನೇ. ಅದೂ ನನ್ನ ಧ್ವನಿಯಲ್ಲಲ್ಲ.

ಆಗ ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿತ್ತು. ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ಕೂಡ ಕಪ್ಪನ್ನು ಮೊದಲಿಗಿಂತ ಸ್ವಲ್ಪ ಗತ್ತಿನಿಂದ ಕುಕ್ಕುತ್ತಿದ್ದ. ನಾನು ಅಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೆ. ಓದಿನಲ್ಲಿ ಕೊನೆಯ ಬೆಂಚು, ಧ್ವನಿ ತೆಗೆಯುವುದರಲ್ಲಿ ಮೊದಲ ಬೆಂಚು. ಕಂಡಕ್ಟರನ ಸೀಟಿ, ಫೀ ಕಟ್ಟಿಸಿಕೊಳ್ಳುವ ಗುಮಾಸ್ತರ ನೆಗಡಿ, ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ ನಮ್ಮಪ್ಪನ ಕೆಮ್ಮು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ನನ್ನದೇ ಧ್ವನಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಇದ್ದರೂ ಅದು ಮಳೆಯಲ್ಲಿ ನೆನೆದ ಹಲಗೆ ವಾದ್ಯದಂತೆ. ಬಡಿದರೆ ದಬ್ ಎನ್ನುವುದೇ ಹೊರತು ಮೊಳಗುವುದಿಲ್ಲ. ಇದರ ಜೊತೆಗೆ ಕೂತಲ್ಲಿ ಕೂರಲಾಗದ ರೋಗ ಬೇರೆ. ಬೆಂಚಿನ ಕೆಳಗೆ ನನ್ನ ಕಾಲು ಹೊಲಿಗೆ ಯಂತ್ರ ತುಳಿದಂತೆ ಆಡುತ್ತಲೇ ಇರುತ್ತಿತ್ತು. ಪಕ್ಕದವನು ಬರೆದ ಅಕ್ಷರಗಳು ನಡುಗಿದ್ದರೆ ಅದಕ್ಕೆ ನಾನೇ ಕಾರಣ.

ಪಕ್ಕದವನೆಂದರೆ ತಾವರಗೇರಾದವ. ಪ್ರಾಜೆಕ್ಟಿಗೆ ಇಬ್ಬಿಬ್ಬರಂತೆ ಜೋಡಿ ಮಾಡಿದಾಗ ಅವನ ಪಾಲಿಗೆ ನಾನು ಬಂದೆ, ಪಾಪ. ಮಾತು ಕಡಿಮೆ, ಅಳತೆ ಜಾಸ್ತಿ. ಬಸ್ಸಿಗೆ ಕಾಯುವಾಗಲೂ ಕಂಬದ ಎತ್ತರ ಅಂದಾಜು ಮಾಡುತ್ತಿದ್ದ ಮನುಷ್ಯ. ಅವರ ಮನೆಯವರು ಸಜ್ಜೆ ಬಿತ್ತುತ್ತಿದ್ದರು, ಉಳಿದ ದಿನ ಕೂಲಿಗೆ ಹೋಗುತ್ತಿದ್ದರು. ಇವನೂ ಕಾಲೇಜು ಸೇರುವ ಮೊದಲು ಕಲ್ಲು ಹೊತ್ತವನೇ. ಆ ವರ್ಷ ಅವನಿಗೆ ಸಬ್‌ಸ್ಟೇಷನ್ನಿನಲ್ಲಿ ತರಬೇತಿಗೆ ಕರೆ ಬಂದಿತ್ತು. ಒಂದೇ ಷರತ್ತು: ಡಿಪ್ಲೊಮಾ ಈ ಸಲವೇ ಮುಗಿದಿರಬೇಕು. ಒಂದು ವಿಷಯ ಉಳಿದರೂ ಆ ಜಾಗ ಮುಂದಿನವನ ಪಾಲು. ಥಿಯರಿಯೆಲ್ಲ ಅವನು ದಾಟುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಭಯವಿದ್ದದ್ದು ಪ್ರಾಜೆಕ್ಟಿನದು, ಅಂದರೆ ನನ್ನದು.

"ಲೇ, ನಿನಗ ಹಾಸ್ಯ. ನನಗ ಇದು ಅನ್ನ," ಎಂದಿದ್ದ ಮೊದಲ ದಿನವೇ.

"ಅನ್ನ ಬೇಕಂದ್ರ ನಮ್ಮೂರಿಗಿ ಬಾರಲೇ, ಊರ ತುಂಬ ಅಕ್ಕಿ ಮಿಲ್ಲದಾವು," ಎಂದೆ. ಅವನು ನಗಲಿಲ್ಲ. ನಾನು ಅವನ ಪಾಲಿನದ್ದನ್ನೂ ಸೇರಿಸಿ ನಕ್ಕೆ.

ಪ್ರಾಜೆಕ್ಟು ಎರಡು ಬಾಯಿಯ ಪವರ್ ಸಪ್ಲೈ. ಗೋಡೆಯ ಕರೆಂಟನ್ನು ತಗ್ಗಿಸಿ, ನೇರ ಮಾಡಿ, ಒಂದು ಬಾಯಿಂದ ಪ್ಲಸ್, ಇನ್ನೊಂದರಿಂದ ಮೈನಸ್ ಕೊಡುವ ಡಬ್ಬಿ. ಎರಡಕ್ಕೂ ಒಂದೊಂದು ತಿರುಗಣಿ, ಬೇಕಾದಷ್ಟಕ್ಕೆ ಹೊಂದಿಸಿಕೊಳ್ಳಲು. ನಮ್ಮವ್ವನಿಗೆ ನಾನು ವಿವರಿಸಿದ್ದು ಹೀಗೆ: ಅಂಗಳ ಅಂದರೆ ಸೊನ್ನೆ, ಮಾಳಿಗೆಗೆ ಹತ್ತುವ ಮೆಟ್ಟಿಲು ಪ್ಲಸ್ಸು, ಬಾವಿಗೆ ಇಳಿಯುವ ಮೆಟ್ಟಿಲು ಮೈನಸ್ಸು.

"ಬಾವಿಗಿ ಇಳಿಯಾಕ ಕರೆಂಟ್ ಯಾಕ ಬೇಕೋ ಯಪ್ಪಾ?" ಎಂದಳು ಅವ್ವ. ನಮ್ಮ ವೈವಾದಲ್ಲಿ ಯಾರೂ ಇಷ್ಟು ಕಷ್ಟದ ಪ್ರಶ್ನೆ ಕೇಳಲಿಲ್ಲ.

ಮೇಲಿನ ಅರ್ಧ ಪ್ಲಸ್, ಕೆಳಗಿನ ಅರ್ಧ ಮೈನಸ್; ನಕ್ಷೆಯಲ್ಲಿ ನೋಡಿದರೆ ಕೆಳಗಿನದು ಮೇಲಿನದರ ಅಣಕು. ಇದು ನನ್ನ ಕಸುಬಿನದೇ ಕೆಲಸ ಎಂದುಕೊಂಡು ಮೇಲಿನದನ್ನು ನೋಡಿ ನೋಡಿ ಕೆಳಗಿನದನ್ನೂ ಹಾಗೆಯೇ ಬೆಸೆಯಲು ಹೊರಟೆ. ತಾವರಗೇರಾದವ ಕೈ ಹಿಡಿದ. ವೋಲ್ಟೇಜು ಕಾಯುವ ಆ ಎರಡು ಮೂರು-ಕಾಲಿನ ಬಿಲ್ಲೆಗಳು ನೋಡಲು ಅವಳಿ ಜವಳಿ; ಆದರೆ ಒಂದರಲ್ಲಿ ಒಳಗೆ ಹೋಗುವ ಕಾಲು ಇನ್ನೊಂದರಲ್ಲಿ ಹೊರಗೆ ಬರುವ ಕಾಲು. "ಮಾರಿ ನೋಡಿ ಬೆಸೀಬ್ಯಾಡ, ಕಾಲು ನೋಡಿ ಬೆಸಿ," ಎಂದ. ನಾನು ತಕ್ಷಣ ಅವನ ಧ್ವನಿಯಲ್ಲೇ ಅದನ್ನು ತಿರುಗಿಸಿ ಹೇಳಿದೆ. ಇಡೀ ಲ್ಯಾಬು ನಕ್ಕಿತು. ಮಾತು ಮಾತ್ರ ನನ್ನ ತಲೆಗೆ ಇಳಿಯಲಿಲ್ಲ.

ನಮ್ಮ ಗೈಡು ಯಲಬುರ್ಗಾ ಕಡೆಯ ಮಾಸ್ತರು. ದವಡೆಯಲ್ಲಿ ಸದಾ ಒಂದು ಲವಂಗ. ಅದರಿಂದಾಗಿ ಪ್ರತಿ ಮಾತೂ ಒಂದು ಮೂಲೆ ಸುತ್ತಿಕೊಂಡು ಬರುತ್ತಿತ್ತು. ಯಾವ ಸಾಮಾನಿನ ಬಗ್ಗೆ ಕೇಳಿದರೂ ಒಂದೇ ಉತ್ತರ: "ಒಂದೀಟು ಹೆಚ್ಚಿಗೀನ ಇರ್ಲಿ ತಮ್ಮಾ, ಕಡಿಮಿ ಬ್ಯಾಡ." ಕೆಪ್ಯಾಸಿಟರು ಎಷ್ಟು ವೋಲ್ಟು ತಡೆಯುವಂಥದ್ದು ತರಬೇಕು ಸರ್? ಹೆಚ್ಚಿಗೀನ ಇರ್ಲಿ. ಶಾಖ ಹೀರುವ ತಗಡು ಎಷ್ಟು ಅಗಲ? ಕಡಿಮಿ ಬ್ಯಾಡ. ನಾನು ಪೆನ್ನಿನ ಟೊಪ್ಪಿಗೆಯನ್ನು ದವಡೆಗೆ ಒತ್ತಿಕೊಂಡು ಈ ಮಾತನ್ನು ಎಷ್ಟು ಚೆನ್ನಾಗಿ ಆಡುತ್ತಿದ್ದೆನೆಂದರೆ, ಕಾರಿಡಾರಿನಲ್ಲಿ ನಡೆದು ಹೋಗುವವರು ಸಿಗರೇಟು ಮುಚ್ಚಿಕೊಳ್ಳುತ್ತಿದ್ದರು. ಆದರೆ ಕೆಪ್ಯಾಸಿಟರು ತಂದದ್ದು ಮಾತ್ರ ಅಂಗಡಿಯಲ್ಲಿ ಕೈಗೆ ಮೊದಲು ಸಿಕ್ಕಿದ್ದು, ಇಪ್ಪತ್ತೈದು ವೋಲ್ಟಿನದು. ಆ ಮಾತು ನನಗೆ ಆಡಲಿಕ್ಕೆ ಬೇಕಾಗಿತ್ತು, ಪಾಲಿಸಲಿಕ್ಕಲ್ಲ.

ಉಳಿದದ್ದು ಟ್ರಾನ್ಸ್‌ಫಾರ್ಮರ್. ಹದಿನೈದು ವೋಲ್ಟು, ನಡುವೆ ಸೊನ್ನೆ, ಮತ್ತೆ ಹದಿನೈದು. ಗಂಗಾವತಿಯಲ್ಲಿ ಮೋಟಾರು ಸುತ್ತಿಕೊಡುವ ಮಿಸ್ತ್ರಿಯೊಬ್ಬನಿಗೆ ತಾವರಗೇರಾದವ ಚೀಟಿ ಬರೆದು ಕೊಟ್ಟು ಬಂದಿದ್ದ. ಮಿಸ್ತ್ರಿ ಭಾರೀ ಬಡಾಯಿಯವನು. "ನಾ ಸುತ್ತಿದ್ದ ಮೋಟರ್ ನನ್ನ ಮೊಮ್ಮಕ್ಕಳ ಕಾಲಕ್ಕೂ ತಿರಗತೈತಿ," ಎನ್ನುತ್ತಿದ್ದ. ಸುತ್ತಲು ಹಿಡಿಯುವುದು ಮಾತ್ರ ಮಕ್ಕಳ ಕಾಲಕ್ಕೆ. ಹೋದಾಗಲೆಲ್ಲ "ನಾಳಿ ಬರ್ರಿ". ಸುಗ್ಗಿಗೆ ಮುಂಚೆ ಪಂಪಿನ ಮೋಟಾರುಗಳು ಅವನ ಅಂಗಡಿಯ ಮುಂದೆ ಆಸ್ಪತ್ರೆಯ ಸರದಿಯಂತೆ ಕೂತಿರುತ್ತಿದ್ದವು. ನಮ್ಮ ಅಂಗೈಯಗಲದ ಟ್ರಾನ್ಸ್‌ಫಾರ್ಮರಿಗೆ ಯಾರು ಬೆಲೆ ಕೊಡುತ್ತಾರೆ? ತಾವರಗೇರಾದವ ಕಾಯುತ್ತಿದ್ದ. ನನಗೆ ಕಾಯುವುದೆಂದರೆ ಮೈಮೇಲೆ ಇರುವೆ ಬಿಟ್ಟಂತೆ. ಒಂದು ಮಧ್ಯಾಹ್ನ ಅವನಿಗೆ ಹೇಳದೆ ಎಸ್‌ಟಿಡಿ ಬೂತಿಗೆ ನುಗ್ಗಿದೆ, ಪೆನ್ನಿನ ಟೊಪ್ಪಿಗೆ ದವಡೆಗಿಟ್ಟೆ, ನಂಬರು ಒತ್ತಿದೆ.

"ಯಾರು ಮಿಸ್ತ್ರಿ ಏನಪಾ? ನಾ ಕೊಪ್ಪಳ ಕಾಲೇಜಿಂದ, ಹುಡುಗರ ಮಾಸ್ತರು."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಮನುಷ್ಯ ಎದ್ದು ನಿಂತಿದ್ದ. ಬಡಾಯಿಯೆಲ್ಲ ಇಳಿದು "ಹೇಳ್ರಿ ಸರ, ಹೇಳ್ರಿ ಸರ" ಎನ್ನತೊಡಗಿದ. ನನಗೆ ಏರಿತು. ಎರಡು ದಿನದಲ್ಲಿ ಬೇಕೆಂದು ಗದರಿದೆ. ಒಪ್ಪಿದ. ಅಲ್ಲಿಗೆ ಫೋನಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಸರ, ಒಂದ ಮಾತು," ಎಂದ ಮಿಸ್ತ್ರಿ. "ಹದಿನೈದು ಬರ್ದಾರ. ಆದ್ರ ನಮ್ಮ ಕಡಿ ಲೈನಿನಾಗ ವೋಲ್ಟೇಜ ಬರಂಗಿಲ್ಲ ನೋಡ್ರಿ. ಹಳ್ಳಿಯವರಿಗೆಲ್ಲ ನಾ ಒಂದಿಷ್ಟು ಸುತ್ತು ಹೆಚ್ಚಿಗಿ ಹಾಕತೀನಿ. ಇದಕ್ಕೂ ಹಾಕ್ಲೋ, ಬರದಷ್ಟಕ್ಕ ನಿಂದರಿಸ್ಲೋ?"

ಉತ್ತರ ನನಗೆ ಗೊತ್ತಿರಲಿಲ್ಲ. ಆದರೆ ದವಡೆಯಲ್ಲಿ ಟೊಪ್ಪಿಗೆಯಿತ್ತು, ಗಂಟಲಲ್ಲಿ ಮಾಸ್ತರಿದ್ದರು, ಮಾಸ್ತರ ಗಂಟಲಲ್ಲಿ ಇದ್ದದ್ದು ಒಂದೇ ಮಾತು. ಅದು ತಾನಾಗಿ ಉರುಳಿತು: "ಒಂದೀಟು ಹೆಚ್ಚಿಗೀನ ಇರ್ಲಿ ತಮ್ಮಾ, ಕಡಿಮಿ ಬ್ಯಾಡ."

ಹೇಳಿದ ಹೊತ್ತಿಗೆ ಟ್ರಾನ್ಸ್‌ಫಾರ್ಮರ್ ಬಂತು. ನಾನು ಮೀಸೆಯಿಲ್ಲದಿದ್ದರೂ ತಿರುವಿಕೊಂಡೆ. "ಮಿಸ್ತ್ರಿಗಿ ಬುದ್ಧಿ ಬಂತು ನೋಡ್ಲೇ," ಎಂದೆನೇ ಹೊರತು ಫೋನಿನ ವಿಷಯ ತಾವರಗೇರಾದವನಿಗೆ ಹೇಳಲಿಲ್ಲ. ಹೇಳಿದರೆ ಬೈಯುತ್ತಾನೆ, ಬೈದರೆ ನನ್ನ ಖುಷಿ ಹೋಗುತ್ತದೆ.

ಲ್ಯಾಬಿನಲ್ಲಿ ಕಿರಿಯರ ಪರೀಕ್ಷೆ ನಡೆಯುತ್ತಿದ್ದುದರಿಂದ ಡಬ್ಬಿಯನ್ನು ಶ್ರೀರಾಮನಗರದ ನಮ್ಮ ಮನೆಯಲ್ಲಿ ಜೋಡಿಸಿದೆವು. ನಮ್ಮೂರಿನ ಕರೆಂಟಿನ ಬಗ್ಗೆ ಎರಡು ಮಾತು ಹೇಳಬೇಕು. ಹಗಲು ಸುತ್ತಲಿನ ಮಿಲ್ಲುಗಳೆಲ್ಲ ಓಡತೊಡಗಿದರೆ ಮನೆಯ ಬಲ್ಬಿನ ಒಳಗಿನ ತಂತಿ ಕೆಂಪು ಹುಳದಂತೆ ಕಾಣುತ್ತಿತ್ತು. ಫ್ಯಾನಿನ ರೆಕ್ಕೆಗಳನ್ನು ಹೆಸರು ಹಿಡಿದು ಕರೆಯಬಹುದಿತ್ತು. ಹುಟ್ಟಿದಾಗಿನಿಂದ ನೋಡಿದ ನಮಗೆ ಅದೇ ಕರೆಂಟು. ಇದಕ್ಕಿಂತ ಬೇರೆ ಕರೆಂಟು ಇರಬಹುದೆಂಬ ಅನುಮಾನ ಯಾರಿಗೂ ಇರಲಿಲ್ಲ.

ಡಬ್ಬಿ ಹಚ್ಚಿದೆವು. ತಾವರಗೇರಾದವ ಮೀಟರಿನ ಕಡ್ಡಿಗಳನ್ನು ಟ್ರಾನ್ಸ್‌ಫಾರ್ಮರಿಗೆ ಮುಟ್ಟಿಸಿದ. ಈ ಕಡೆ ಹದಿನೈದು. ಆ ಕಡೆ ಹದಿನೈದು. ಅಳೆದು ಹೊಲಿದ ಅಂಗಿಯಂತೆ.

"ಗೋಡಿ ಕರೆಂಟ ಎಷ್ಟೈತಿ, ಒಮ್ಮಿ ನೋಡೂಣೇನು?" ಎಂದ.

"ಮನ್ಯಾಗ ಇರಬೇಕಾದಷ್ಟು ಐತಿ. ಹುಡುಗಿ ನೋಡಾಕ ಬಂದು ಅವರಜ್ಜಿ ಹಲ್ಲು ಎಣಿಸ್ತಿಯೇನ್ಲೇ?"

"ಕಾಲೇಜಿನ್ಯಾಗರ ಒಮ್ಮಿ ಹಚ್ಚಬೇಕಿತ್ತು ನೋಡು."

"ಕೊಪ್ಪಳದಾಗ ಏನು ಬ್ಯಾರೆ ದೇವ್ರು ಕರೆಂಟ್ ಕೊಡ್ತಾನೇನು?" ಎಂದೆ. ಅವ್ವ ಬೆಲ್ಲದ ಚಹಾ ತಂದಳು. ಅವನು ಮೀಟರು ಮಡಚಿಟ್ಟ. ಆ ಮಡಚುವಿಕೆಯಲ್ಲಿ ಒಂದು ಅರೆಮನಸ್ಸಿತ್ತು. ಕಂಡೆ, ಕಾಣದಂತೆ ಚಹಾ ಕುಡಿದೆ.

ಕಾಲೇಜಿನಲ್ಲಿ ನಿಜವಾಗಿಯೂ ಬೇರೆ ದೇವರಿದ್ದ. ಗೇಟಿನ ಪಕ್ಕದ ಕಂಬಗಳ ಮೇಲೆ ಕಾಲೇಜಿನದೇ ಟಿ.ಸಿ., ಅಂದರೆ ದೊಡ್ಡ ಟ್ರಾನ್ಸ್‌ಫಾರ್ಮರ್, ಕೂತಿತ್ತು. ಲ್ಯಾಬಿನಲ್ಲಿ ಬಲ್ಬು ಹಾಕಿದರೆ ಕಣ್ಣು ಕಿವುಚಬೇಕು, ಅಂಥ ತುಂಬು ಕರೆಂಟು. ಹೊರಗಿನ ಪರೀಕ್ಷಕರು ಬರುವ ಮುಂಚಿನ ವಾರ ಮಾಸ್ತರು ಪ್ರತಿ ಪ್ರಾಜೆಕ್ಟನ್ನೂ ನೋಡಿ ಸಹಿ ಮಾಡಬೇಕಿತ್ತು. ಸಹಿ ಇಲ್ಲದವರಿಗೆ ವೈವಾ ಇಲ್ಲ, ವೈವಾ ಇಲ್ಲದಿದ್ದರೆ ಪಾಸಿಲ್ಲ. ನಮ್ಮ ಸರದಿ ಬಂತು. ಮಾಸ್ತರು ತಿರುಗಣಿ ತಿರುವಿದರು. ಪ್ಲಸ್ಸು ಏರಿತು, ಮೈನಸ್ಸು ಇಳಿಯಿತು. "ಛಲೋ ಐತಿ," ಎಂದು ಬಗ್ಗಿ ಒಳಗೆ ಇಣುಕಿದರು. ಎಲ್ಲಿಂದಲೋ ಸಣ್ಣಗೆ ಸುಯ್ ಎನ್ನುವ ಸದ್ದು. ನನ್ನ ಕಾಲು ಆಡುವುದನ್ನು ನಿಲ್ಲಿಸಿತು. ಅದೇ ಮೊದಲ ಸಲ.

ಫಟ್!

ಕೆಪ್ಯಾಸಿಟರಿನ ತಲೆ ಹಾರಿತ್ತು. ಅದರ ಹೊಟ್ಟೆಯೊಳಗಿನ ಕಾಗದದ ಚೂರುಗಳು ಮದುವೆಯ ಅಕ್ಷತೆಯಂತೆ ಮಾಸ್ತರ ತಲೆಯ ಮೇಲೆ ನಿಧಾನವಾಗಿ ಇಳಿದವು. ಅವರು ಕದಲಲಿಲ್ಲ. ಸ್ವಿಚ್ಚು ತೆಗೆದು, ಸುಟ್ಟದ್ದನ್ನು ಬಿಚ್ಚಿಸಿ, ಟ್ರಾನ್ಸ್‌ಫಾರ್ಮರನ್ನು ಒಂದನ್ನೇ ಹಚ್ಚಿ ಮೀಟರು ಇಟ್ಟರು. ಹದಿನೈದು ಇರಬೇಕಾದಲ್ಲಿ ಇಪ್ಪತ್ತೂ ದಾಟಿತ್ತು. ನೇರ ಮಾಡಿದಾಗ ಅದು ಇನ್ನೂ ಏರುತ್ತದೆ. ಇಪ್ಪತ್ತೈದು ಹೊರುವ ಕೆಪ್ಯಾಸಿಟರಿನ ಬೆನ್ನು ಮುರಿದಿತ್ತು. ನಮ್ಮೂರಲ್ಲಿ ಕರೆಂಟು ಕಡಿಮೆ, ಟ್ರಾನ್ಸ್‌ಫಾರ್ಮರಿನಲ್ಲಿ ಸುತ್ತು ಹೆಚ್ಚು. ಎರಡು ಸುಳ್ಳು ಎರಡು ಕಡೆಯಿಂದ ಬಂದು ನಡುವೆ ಹದಿನೈದೆಂಬ ನಿಜವಾಗಿ ನಿಂತಿದ್ದವು.

"ಲೆಕ್ಕ ಯಾರು ಮಾಡಿದ್ದು?" ಎಂದರು ಮಾಸ್ತರು.

"ನಾನ್ರಿ," ಎಂದ ತಾವರಗೇರಾದವ.

"ನಿನ್ನಂಥವನ ಕೈಯಾಗ ಇಂಥಾದ್ದು? ಯಾರರ ಕೈ ಇಟ್ಟಿದ್ರ ಏನಾಗ್ತಿತ್ತಪಾ? ನಾ ಸಹಿ ಮಾಡೂದಿಲ್ಲ."

ಅವನ ಮುಖ ಬಿಳಿಚಿತು. ಚೀಟಿಯಲ್ಲಿ ಹದಿನೈದೇ ಬರೆದಿದ್ದೆ ಎಂದ. ಎರಡನೇ ಸಲ ಹೇಳುವಾಗ ಧ್ವನಿ ಒಡೆಯಿತು. ಆಗ ನಾನು ಬಾಯಿ ಬಿಡಬೇಕಿತ್ತು. ಬೂತಿನಲ್ಲಿ ಆಡಿದ ಮಾತು ಆಗಲೇ ನೆನಪಾಗಿತ್ತು. ಊರೆಲ್ಲರ ಧ್ವನಿ ಇದ್ದ ಗಂಟಲಲ್ಲಿ ಆ ಹೊತ್ತಿಗೆ ಒಂದೂ ಸಿಗಲಿಲ್ಲ.

"ನಡೀರಿ ಆಫೀಸಿಗೆ. ಆ ಮಿಸ್ತ್ರಿಗೇ ಕೇಳತೀನಿ," ಎಂದು ಮಾಸ್ತರು ಹೊರಟರು.

ನಾನು ಮುಂದೆ ಓಡಿದೆ, ಹಿಂದೆ ಬಂದೆ, ಪಕ್ಕಕ್ಕೆ ಹೋದೆ. "ಸರ, ಮಿಸ್ತ್ರಿ ಊರಾಗಿಲ್ರಿ." "ಸರ, ಅವಂದು ಫೋನ್ ಕೆಟ್ಟೈತ್ರಿ." "ಸರ, ಅವಗ ಕಿವಿ ಕೇಳೂದಿಲ್ರಿ."

"ಊರಾಗಿಲ್ಲದವನ ಫೋನ್ ಕೆಟ್ಟಿದ್ದು ನಿನಗ ಹೆಂಗ ಗೊತ್ತಾತು?" ಎನ್ನುತ್ತ ಮಾಸ್ತರು ನಂಬರು ತಿರುವಿ, ತಾವು ಯಾರೆಂದು ಹೇಳಿದರು. ಆಫೀಸಿನ ಫೋನು ಹಳೆಯದು. ಆ ಕಡೆ ಮಾತಾಡಿದರೆ ಬಾಗಿಲಲ್ಲಿ ನಿಂತವರಿಗೂ ಕೇಳುತ್ತಿತ್ತು.

"ನಮಸ್ಕಾರ್ರೀ ಸರ! ಟ್ರಾನ್ಸ್‌ಫಾರ್ಮರ್ ಛಲೋ ನಡದೈತೇನ್ರಿ?"

"ಹದಿನೈದು ಬರದಿದ್ದಕ್ಕ ಇಪ್ಪತ್ತು ಯಾಕ ಸುತ್ತಿದಪಾ?"

"ಅರೆ, ನೀವ ಹೇಳಿದ್ರಲ್ರೀ ಸರ, ಫೋನಿನ್ಯಾಗ! ಒಂದೀಟು ಹೆಚ್ಚಿಗೀನ ಇರ್ಲಿ ತಮ್ಮಾ, ಕಡಿಮಿ ಬ್ಯಾಡ ಅಂತ. ಇದ ಧ್ವನಿಯಾಗ ಹೇಳಿದ್ರಿ, ನನ್ನ ಕಿವ್ಯಾಗ ಇನ್ನೂ ಐತಿ."

ಮಾಸ್ತರು ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದರು, ತಮ್ಮದೇ ಮಾತು ಅದರೊಳಗಿಂದ ಬಂದದ್ದಕ್ಕೆ. ತಾವರಗೇರಾದವ ಫೋನು ನೋಡಲಿಲ್ಲ. ನನ್ನನ್ನು ನೋಡಿದ.

"ನಾನ ಸರ," ಎಂದೆ. ಹಲಗೆ ದಬ್ ಎಂದಿತು. "ಅವಂದೇನೂ ತಪ್ಪಿಲ್ರಿ. ಫೋನ್ ಮಾಡಿದ್ದು ನಾ. ಅವಗ ಗೊತ್ತಽ ಇಲ್ಲ."

ಮಾಸ್ತರು ಫೋನಿಟ್ಟರು. ಜೇಬಿಗೆ ಕೈ ಹಾಕಿ ಒಂದು ಲವಂಗ ತೆಗೆದು ನನ್ನ ಕಡೆ ಚಾಚಿದರು.

"ತಗೋ. ಹೆಂಗ ಮಾತಾಡಿದಿ, ಮಾಡಿ ತೋರ್ಸು."

ಗುಮಾಸ್ತರು ನೆಗಡಿ ಒಳಗೆಳೆದುಕೊಂಡು ನೋಡುತ್ತಿದ್ದರು. ಲವಂಗ ದವಡೆಗಿಟ್ಟೆ. ನಾಲಿಗೆ ಉರಿಯಿತು. ಎರಡು ಸಲ ಬರೀ ಗಾಳಿ ಬಂತು. ಮೂರನೆಯ ಸಲ ಮಾತು ಬಂತು, ಎಂದಿಗಿಂತ ಚೆನ್ನಾಗಿಯೇ ಬಂತು, ಹಾಳಾಗಿ ಹೋಗಲಿ. ಗುಮಾಸ್ತರು ಕರ್ಚೀಫು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಮಾಸ್ತರ ಕೂದಲಲ್ಲಿ ಇನ್ನೂ ಕಾಗದದ ಚೂರುಗಳಿದ್ದವು.

"ಆ ಮಾತು ನಾ ಹೇಳಿದ್ದು ಕೆಪ್ಯಾಸಿಟರಿಗೆ," ಎಂದರು. "ತಗಡಿಗೆ. ಹೊರೋ ಸಾಮಾನಿಗೆ. ಹೇರೋ ಸಾಮಾನಿಗೆ ಅಲ್ಲ. ನನ್ನ ಧ್ವನಿ ಒಯ್ದಿ, ತೆಲಿ ಇಲ್ಲೇ ಬಿಟ್ಟು ಹೋದಿ. ಹೋಗು, ಸುತ್ತಿಸಿಕೊಂಡು ಬಾ. ಇದಽ ಲ್ಯಾಬಿನ ಕರೆಂಟಿಗೆ ಒಂದು ಪೀರಿಯಡ್ಡು ಪೂರಾ ಓಡಬೇಕು. ಓಡಿದ್ರ ಇಬ್ರಿಗೂ ಸಹಿ. ಓಡದಿದ್ರ ಇಬ್ರಿಗೂ ಇಲ್ಲ."

ಇಬ್ಬರಿಗೂ ಇಲ್ಲ ಎಂದದ್ದೇ ನನ್ನನ್ನು ತಿಂದದ್ದು. ನನಗಿಲ್ಲದಿದ್ದರೆ ನಡೆಯುತ್ತಿತ್ತು.

ಗಂಗಾವತಿಯ ಬಸ್ಸಿನಲ್ಲಿ ತಾವರಗೇರಾದವ ನನ್ನ ಮುಂದಿನ ಸೀಟಿನಲ್ಲಿ ಕೂತ. ಮಾತಿಲ್ಲ. ಮುನಿರಾಬಾದ್ ದಾಟುವವರೆಗೆ ಕಂಡಕ್ಟರನ ಧ್ವನಿ ತೆಗೆದೆ, ಗುಮಾಸ್ತರ ನೆಗಡಿ ತೆಗೆದೆ. ಬಸ್ಸಿನ ಅರ್ಧ ಜನ ನಕ್ಕರು. ಆ ಕುತ್ತಿಗೆ ತಿರುಗಲಿಲ್ಲ. ಬೈದರೂ ಅದನ್ನೇ ಅಣಕಿಸಿ ಸಮಾಧಾನ ಪಡುತ್ತಿದ್ದೆ. ಮಾತಾಡದವನನ್ನು ಹೇಗೆ ಅಣಕಿಸುವುದು? ನನ್ನ ಕಸುಬಿಗೇ ಬೀಗ ಬಿದ್ದಂತಾಯಿತು. ಸೀಟಿನಿಂದೆದ್ದೆ, ಬಾಗಿಲಲ್ಲಿ ನಿಂತೆ, ಮತ್ತೆ ಬಂದು ಕೂತೆ.

ಮಿಸ್ತ್ರಿಗೆ ಆಗಲೇ ಅರ್ಥವಾಗಿತ್ತು. "ಬರ್ರಿ ಮಾಸ್ತರ," ಎಂದು ನನಗೆ ಕೈ ಮುಗಿದ. "ಎಷ್ಟು ಬೇಕು ಹೇಳ್ರಿ."

"ಹದಿನೈದು."

"ಇದು ಯಾರ ಧ್ವನಿ?"

"ನಂದ."

"ಖರೇನ? ನಿಮ್ಮಪ್ಪಂದಲ್ಲ ಹೌದಿಲ್ಲೋ? ಇನ್ನೊಮ್ಮಿ ಹೇಳು, ರಸ್ತಾಕ್ಕ ಕೇಳಂಗ."

ರಸ್ತೆಗೆ ಕೇಳುವಂತೆ ಹದಿನೈದು ಎಂದೆ. ಪಂಪಿನ ಮೋಟಾರು ತಂದು ಕೂತಿದ್ದ ರೈತರೆಲ್ಲ ತಿರುಗಿ ನೋಡಿದರು. ಹಳೆಯ ಸುತ್ತನ್ನು ನನ್ನ ಕೈಯಿಂದಲೇ ಬಿಚ್ಚಿಸಿದ. ಅಂಟಿಕೊಂಡ ತಂತಿ ಬಿಡಿಸಿ ಬಿಡಿಸಿ ಉಗುರು ಕಪ್ಪಾಯಿತು. ನಡುವೆ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ತಾವರಗೇರಾದವ ಹೊರಗೆ ಹೋಗಿ ಹೆಚ್ಚು ವೋಲ್ಟು ತಡೆಯುವ ಕೆಪ್ಯಾಸಿಟರು ಹುಡುಕಿ ತಂದು, ನನ್ನ ಕೈಗೆ ಕೊಡದೆ, ಪಕ್ಕದ ಬೆಂಚಿನ ಮೇಲಿಟ್ಟ.

ಮರುದಿನ ಲ್ಯಾಬಿನಲ್ಲಿ ಡಬ್ಬಿ ಹಚ್ಚಿದಾಗ ಇಡೀ ಕ್ಲಾಸು ಗೋಡೆಗೆ ಒತ್ತಿ ನಿಂತಿತ್ತು. ಮಾಸ್ತರು ಮಾತ್ರ ಡಬ್ಬಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದಿದರು. ತಾವರಗೇರಾದವ ಮೀಟರಿನಿಂದ ಕಣ್ಣು ತೆಗೆಯಲಿಲ್ಲ. ನಾನು ಬಾಗಿಲಿಗೂ ಕಿಟಕಿಗೂ ನಡುವೆ ಎಷ್ಟು ಸಲ ಓಡಾಡಿದೆನೋ. ಗಂಟೆ ಹೊಡೆಯಿತು. ಹದಿನೈದು ಹದಿನೈದಾಗಿಯೇ ಉಳಿದಿತ್ತು. ಮಾಸ್ತರು ಪೇಪರು ಮಡಚಿ, ಡಬ್ಬಿಯ ಮೇಲೆ ಅಂಗೈ ಇಟ್ಟು ಶಾಖ ನೋಡಿ, ಇಬ್ಬರಿಗೂ ಸಹಿ ಹಾಕಿದರು.

ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ್ದಕ್ಕೆಲ್ಲ ತಾವರಗೇರಾದವ ಉತ್ತರಿಸಿದ. ನನಗೆ ಒಂದೇ ಪ್ರಶ್ನೆ ಬಂತು, ಟ್ರಾನ್ಸ್‌ಫಾರ್ಮರು ಹದಿನೈದೇ ಏಕೆ ಎಂದು. ಅದನ್ನು ನಾನು ಹೇಳಿದಷ್ಟು ನಂಬಿಕೆಯಿಂದ ಆ ವರ್ಷ ಯಾರೂ ಏನನ್ನೂ ಹೇಳಿರಲಾರರು. ಪರೀಕ್ಷಕರು ತಲೆಯಾಡಿಸಿ "ಇಬ್ರೂ ಪಾಸ್, ಹೋಗ್ರಿ," ಎಂದರು. ಸಬ್‌ಸ್ಟೇಷನ್ನಿನ ಜಾಗ ಉಳಿಯಿತು.

ಅವನು ಮಾತ್ರ ಇನ್ನೂ ಮಾತಾಡಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತೆಗೆದುಕೊಂಡೆವು. ತೆಗೆದುಕೊಂಡೆವೆಂದರೆ, ಅವನು ಕೂತ ಬೆಂಚಿಗೆ ನಾನೂ ಹೋಗಿ ಕೂತೆ. ಕುಷ್ಟಗಿ ಬಸ್ಸು ಬರುವುದಿತ್ತು. ಅದು ಬಂದರೆ ಅವನು ಹೋಗುತ್ತಾನೆ. ಆಮೇಲೆ ಅವನೆಲ್ಲೋ ನಾನೆಲ್ಲೋ. ನನ್ನ ಕಾಲು ಬೆಂಚಿನ ಕೆಳಗೆ ಮತ್ತೆ ಹೊಲಿಗೆ ಶುರು ಮಾಡಿತ್ತು. ಯಾರ ಧ್ವನಿಯಲ್ಲಿ ಕೇಳಲಿ ಎಂದು ಗಂಟಲೆಲ್ಲ ತಡಕಾಡಿದೆ. ಕೊನೆಗೆ ನೆನೆದ ಹಲಗೆಯಲ್ಲೇ ಕೇಳಿದೆ:

"ತಪ್ಪಾತಲೇ. ಸಿಟ್ಟು ಇನ್ನ ಎಷ್ಟೈತಿ, ಅದನ್ನರ ಹೇಳು."

ಅವನು ನನ್ನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಮಿರ್ಚಿಯನ್ನು ಕಚ್ಚಿದ, ಅದನ್ನು ನಿಧಾನವಾಗಿ ದವಡೆಯ ಮೂಲೆಗೆ ಒತ್ತಿಕೊಂಡ, ಗಂಟಲು ಸರಿಮಾಡಿಕೊಂಡ, ಮೂರು ವರ್ಷದಲ್ಲಿ ಒಮ್ಮೆಯೂ ಯಾರನ್ನೂ ಅಣಕಿಸದ ಆ ಮನುಷ್ಯ ಹೇಳಿದ:

"ಒಂದೀಟು ಹೆಚ್ಚಿಗೀನ ಇರ್ಲಿ ತಮ್ಮಾ, ಕಡಿಮಿ ಬ್ಯಾಡ."